ಹಿಟ್ಟಿನ ಕೋಳಿಯೂ ಪರದೆಯ ಬೇಟೆಯೂ

ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಇಂದು ಜೈನ ಮನೆತನಗಳ ಸಂಖ್ಯೆ ದೊಡ್ಡದಲ್ಲ. ಬಸದಿಗಳಿವೆ, ಶಾಸನಗಳಿವೆ, ನಿತ್ಯಪೂಜೆಗೆ ಬಂದು ನಿಲ್ಲುವವರು ಕಡಮೆ. ಇಂತಹ ಸೀಮೆಯ ಒಂದು ಬಸದಿಯ ಆಡಳಿತ ಸಮಿತಿಯ ಮುಂದೆ 2025ರ ದಸರೆಯ ಹೊತ್ತಿಗೆ ಎರಡು ಕಾಗದಗಳು ಒಟ್ಟಿಗೆ ಬಂದವು. ಮೊಬೈಲಿನಲ್ಲಾಗಲಿ ಟಿ.ವಿ.ಗೆ ಜೋಡಿಸುವ ಯಂತ್ರದಲ್ಲಾಗಲಿ ವಿಡಿಯೋ ಆಟ ಆಡುವ ಮಕ್ಕಳನ್ನು ಪಾಠಶಾಲೆಯಿಂದ ಹೊರಗಿಡಬೇಕು, ದಶಲಕ್ಷಣ ಪರ್ವದ ಬಹುಮಾನಗಳನ್ನು ಅವರಿಗೆ ಕೊಡಬಾರದು ಎಂಬ ಠರಾವು ಒಂದು. ಬಸ್ ನಿಲ್ದಾಣದ ರಸ್ತೆಯಲ್ಲಿ ಖಾಲಿ ಬಿದ್ದಿದ್ದ ಬಸದಿಯ ಮಳಿಗೆಯನ್ನು, ಗಂಟೆಗಿಷ್ಟೆಂದು ಹಣ ಪಡೆದು ಅದೇ ವಿಡಿಯೋ ಆಟಗಳನ್ನು ಆಡಿಸುವ ಅಂಗಡಿಗೆ ಬಾಡಿಗೆಗೆ ಕೊಡಬೇಕೆಂಬ ಅರ್ಜಿ ಇನ್ನೊಂದು. ಠರಾವನ್ನು ಮಂಡಿಸಿದ್ದ ಸದಸ್ಯರೇ ಅರ್ಜಿಗೂ ಶಿಫಾರಸು ಬರೆದಿದ್ದರು. ಹಿಂದಿನ ಬಾಡಿಗೆದಾರ ಕೊಡುತ್ತಿದ್ದುದಕ್ಕಿಂತ ಹೊಸಬನ ಬಾಡಿಗೆ ಹೆಚ್ಚೆಂಬುದೇ ಶಿಫಾರಸಿನ ಕಾರಣ.

ನಮ್ಮ ಸಮಾಜದ ಮನಸ್ಸು ಈ ವಿಷಯದಲ್ಲಿ ಎಷ್ಟು ಗೊಂದಲದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಮಗು ಆಡಿದರೆ ಪಾಪ, ಮಳಿಗೆ ಆಡಿಸಿದರೆ ದೇವರ ದೀಪಕ್ಕೆ ಎಣ್ಣೆ!

ಸಮಿತಿಯ ಹಿರಿಯ ಸದಸ್ಯರೊಬ್ಬರು, ದಿನಸಿ ಸಗಟು ವ್ಯಾಪಾರದಲ್ಲಿ ಐವತ್ತು ವರ್ಷ ಕಳೆದವರು, ಎರಡು ಕಾಗದಕ್ಕೂ ಸಹಿ ಹಾಕಲಿಲ್ಲ. ತೂಗದೆ ಬಿಲ್ಲು ಬರೆಯುವ ಪದ್ಧತಿ ತಮ್ಮ ಅಂಗಡಿಯಲ್ಲಿಲ್ಲವೆಂದೂ, ನೋಡದ ವಸ್ತುವಿನ ಮೇಲೆ ತೀರ್ಪು ಬರೆಯಲಾರೆನೆಂದೂ ಹೇಳಿ ಹದಿನೈದು ದಿನಗಳ ಅವಕಾಶ ಕೇಳಿದರು. ಬೆಂಗಳೂರಿನಿಂದ ರಜೆಗೆ ಬಂದಿದ್ದ, ಒಂಬತ್ತನೆಯ ತರಗತಿಯ ಮೊಮ್ಮಗನೇ ಅವರಿಗೆ ಗುರುವಾದ. ಆ ಹದಿನೈದು ದಿನಗಳಲ್ಲಿ ಅವರು ಕಂಡದ್ದು ಎಲ್ಲ ಟ್ರಸ್ಟುಗಳವರೂ ಎಲ್ಲ ತಂದೆತಾಯಿಗಳೂ ವಿಚಾರಿಸತಕ್ಕ ಸಂಗತಿಯಾಗಿದೆ.

ಅವರು ಮೊದಲು ಆಡಿದ್ದು ಬಿ.ಜಿ.ಎಂ.ಐ. ಎಂಬ ಹೆಸರಿನ ಮೊಬೈಲು ಆಟ. ಇದರ ಮೂಲರೂಪವಾದ ಪಬ್ಜಿ ಮೊಬೈಲ್ ಎಂಬುದನ್ನು ಭಾರತ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. 2021ರ ಜುಲೈಯಲ್ಲಿ ಅದು ಹೆಸರು ಬದಲಿಸಿಕೊಂಡು ಬಂದಿತು. 2022ರಲ್ಲಿ ಮತ್ತೆ ತೆಗೆಯಲ್ಪಟ್ಟು 2023ರ ಮೇ ತಿಂಗಳಲ್ಲಿ ಪುನಃ ಕಾಣಿಸಿಕೊಂಡಿತು. ವಿಮಾನದಿಂದ ನೂರು ಮಂದಿ ಒಂದು ದ್ವೀಪದ ಮೇಲೆ ಧುಮುಕುತ್ತಾರೆ. ಬರಿಗೈಯಲ್ಲಿ ಇಳಿದವರು ಖಾಲಿ ಮನೆಗಳನ್ನು ಹೊಕ್ಕು ಬಂದೂಕು, ಗುಂಡು, ಔಷಧ, ಚೀಲ ಎಲ್ಲವನ್ನೂ ಬಾಚಿಕೊಳ್ಳಬೇಕು. ಸುತ್ತಲಿನ ಸುರಕ್ಷಿತ ವಲಯ ಕ್ರಮೇಣ ಕುಗ್ಗುತ್ತದೆ. ಕೊನೆಗೆ ಉಳಿದವನು ಅಥವಾ ಉಳಿದ ತಂಡ ಗೆದ್ದಂತೆ. ಆಟದ ಮೊದಲ ಪಾಠ ಪರಿಗ್ರಹ, ಎರಡನೆಯದು ಹಿಂಸೆ ಎಂದು ಹಿರಿಯರು ಮೊದಲ ದಿನವೇ ಗುರುತಿಸಿದರು. ಹಾಗೆಂದು ಅದರ ಕೌಶಲವನ್ನು ಅವರು ಅಲ್ಲಗಳೆಯಲಿಲ್ಲ. ಹುಲ್ಲು ಗಾಳಿಗೆ ಬಾಗುವ ರೀತಿ, ಶತ್ರುವಿನ ಹೆಜ್ಜೆಯ ಸಪ್ಪಳ ಎಡಗಿವಿಗೆ ಬೇರೆ ಬಲಗಿವಿಗೆ ಬೇರೆಯಾಗಿ ಕೇಳುವ ರೀತಿ ಅವರನ್ನು ಬೆರಗುಗೊಳಿಸಿತು.

ಎರಡನೆಯ ಆಟದಲ್ಲಿ ಅವರನ್ನು ಯಾರೋ ಹಿಂದಿನಿಂದ ಹೊಡೆದುರುಳಿಸಿದರು. ಆಗ ತಮ್ಮೊಳಗೆ ಎದ್ದ ಸಿಟ್ಟು ಅವರಿಗೇ ಆಶ್ಚರ್ಯವನ್ನುಂಟುಮಾಡಿತು. ವ್ಯಾಪಾರದಲ್ಲಿ ಬಾಕಿ ಉಳಿಸಿಕೊಂಡು ಓಡಿಹೋದವನ ಮೇಲೂ ಅಷ್ಟು ಕೋಪ ಬಂದಿರಲಿಲ್ಲವಂತೆ. ಮೂರನೆಯ ದಿನ ಅವರೇ ಒಬ್ಬನನ್ನು ಹೊಡೆದರು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಅದನ್ನು ಮನೆಯವರಿಗೆ ಹೇಳಿ ನಕ್ಕರು. ನಕ್ಕ ಮೇಲೆ ಅವರಿಗೆ ಊಟ ಸೇರಲಿಲ್ಲ.

"ಬಿಡಿ ತಾತ, ಅದು ಮನುಷ್ಯ ಅಲ್ಲ. ಹೊಸಬರ ಜೊತೆ ಆಡೋದಕ್ಕೆ ಕಂಪ್ಯೂಟರೇ ಬಿಡೋ ಬೊಂಬೆ ಅದು. ಯಾರೂ ಸತ್ತಿಲ್ಲ," ಎಂದು ಮೊಮ್ಮಗ ಸಮಾಧಾನ ಹೇಳಿದ.

"ಹಾಗಾದ್ರೆ ಅದು ಹಿಟ್ಟಿನ ಕೋಳಿ ಕಣಪ್ಪ," ಎಂದರು ಹಿರಿಯರು.

"ಹಿಟ್ಟಿನ ಕೋಳಿ ಅಂದರೆ?"

ಶ್ರಾವಕ ಬಂಧುಗಳು ಲಕ್ಷ್ಯವಿಡಬೇಕಾದ ಸ್ಥಳ ಇದು. ಆಟದ ದ್ವೀಪದಲ್ಲಿ ಯಾವ ಮನೆಯ ಮಾಳಿಗೆಯಲ್ಲಿ ಯಾವ ಬಂದೂಕು ಸಿಗುವುದೆಂದು ಬಲ್ಲ ಜೈನ ಬಾಲಕನಿಗೆ ಯಶೋಧರನ ಕಥೆ ಗೊತ್ತಿರಲಿಲ್ಲ. ಅದನ್ನು ಹೇಳದಿದ್ದುದು ಯಾವ ಪಾಠಶಾಲೆ, ಯಾವ ಅಜ್ಜಿ, ಯಾವ ತಾತ? ಮಕ್ಕಳನ್ನು ಹೊರಗಿಡಬೇಕೆಂದು ಠರಾವು ಬರೆಯುವ ಕೈಗಳು ಈ ಪ್ರಶ್ನೆಗೆ ಮೊದಲು ಉತ್ತರ ಕೊಡಲಿ.

ಕವಿ ಜನ್ನನು ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1209ರಲ್ಲಿ, ಮುಗಿಸಿದ ಯಶೋಧರ ಚರಿತೆ ಈ ಆಟಗಳ ಕುರಿತೇ ಬರೆದಂತಿದೆ. ಪತ್ನಿಯ ವಂಚನೆಯನ್ನು ಕಣ್ಣಾರೆ ಕಂಡ ಅರಸ ಅದನ್ನು ತಾಯಿಯಿಂದ ಮರೆಮಾಚಿ, ಕೆಟ್ಟ ಕನಸು ಬಿತ್ತೆಂದು ಹೇಳುತ್ತಾನೆ. ದೋಷಪರಿಹಾರಕ್ಕೆ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿಯ ಒತ್ತಾಯ. ಜೀವಹಿಂಸೆಗೆ ಒಪ್ಪದ ಅರಸ ಕಡೆಗೆ ಒಂದು ಮಧ್ಯಮಾರ್ಗಕ್ಕೆ ಒಪ್ಪಿಕೊಳ್ಳುತ್ತಾನೆ. ಹಿಟ್ಟಿನಿಂದ ಕೋಳಿಯನ್ನು ಮಾಡಿ, ಬಣ್ಣ ಬಳಿದು, ಅದನ್ನು ಕತ್ತರಿಸುವುದು. ಯಾವ ಪ್ರಾಣವೂ ಹೋಗದು, ತಾಯಿಯ ಮಾತೂ ಉಳಿಯುವುದು. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತು. ಆ ಒಂದು ಸಂಕಲ್ಪದ ಫಲವಾಗಿ ತಾಯಿಯೂ ಮಗನೂ ನವಿಲು, ನಾಯಿ ಮೊದಲಾಗಿ ಕೋಳಿಯವರೆಗೆ ಜನ್ಮಜನ್ಮಾಂತರಗಳಲ್ಲಿ ತಿರುಗಿ, ಒಬ್ಬರ ಕಣ್ಣೆದುರು ಒಬ್ಬರು ಸಾಯಬೇಕಾಯಿತು.

ಹಿಟ್ಟಿಗೆ ನೋವಾಯಿತೇ ಎಂಬುದು ಜನ್ನನ ಪ್ರಶ್ನೆಯಲ್ಲ. ಕತ್ತಿ ಎತ್ತಿದವನ ಒಳಗೆ ಏನಾಯಿತು ಎಂಬುದು ಪ್ರಶ್ನೆ. ಉಮಾಸ್ವಾತಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮತ್ತಯೋಗವನ್ನಿರಿಸಿದ್ದು ಈ ಕಾರಣಕ್ಕೇ. ದ್ರವ್ಯಹಿಂಸೆ ಇಲ್ಲದೆಯೂ ಭಾವಹಿಂಸೆ ಉಂಟು. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ ಅಕ್ಕಿಕಾಳಿನಷ್ಟು ಗಾತ್ರದ ಮೀನು ಒಂದು ಜೀವವನ್ನೂ ನುಂಗಲಾರದೆ, ತಾನಾಗಿದ್ದರೆ ಎಲ್ಲವನ್ನೂ ನುಂಗುತ್ತಿದ್ದೆನೆಂದು ಚಿಂತಿಸಿದ ಮಾತ್ರಕ್ಕೆ ನರಕಕ್ಕಿಳಿದ ಕಥೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಪಬ್ಜಿ ಹೆಸರು ಬದಲಿಸಿ ಬಂದಾಗ ಅದರ ತಯಾರಕರು ಮಾಡಿದ ತಿದ್ದುಪಡಿಗಳು ಇಲ್ಲಿ ನೆನಪಿಗೆ ಬರುತ್ತವೆ. ಚಿಮ್ಮುವ ರಕ್ತಕ್ಕೆ ಹಸಿರು ಬಣ್ಣ ಬಳಿದರು. ಕೊಂದದ್ದನ್ನು ಕೊಂದದ್ದೆನ್ನದೆ ಮುಗಿಸಿದ್ದೆಂದು ಬರೆದರು. ಗುಂಡು ತಗುಲಿದವನು ಮಾತ್ರ ಮೊದಲಿನಂತೆಯೇ ಮೊಣಕಾಲಿನ ಮೇಲೆ ತೆವಳುತ್ತಾನೆ. ಕೋಳಿ ಹಿಟ್ಟಿನದಾದರೇನು, ರಕ್ತ ಹಸಿರಾದರೇನು? ಗೆದ್ದವನಿಗೆ ಆಟ ಸಾರುವ ಅಭಿನಂದನೆಯೂ ಒಂದು ಕೋಳಿಯೂಟವೇ! ಇಂಗ್ಲಿಷಿನ ಪ್ರಾಸಕ್ಕಾಗಿ ಬಂದ ಆ ಮಾತನ್ನು ಶುದ್ಧ ಶಾಕಾಹಾರಿ ಮನೆಗಳ ಮಕ್ಕಳು ವಿಜಯಘೋಷವಾಗಿ ಕೂಗುತ್ತಾರೆ. ತಾಯಂದಿರು ಅಡಿಗೆಮನೆಯಿಂದ ಕೇಳಿಸಿಕೊಂಡು, ಮಗ ಏನೋ ಗೆದ್ದನೆಂದು ಸಂತೋಷಪಡುತ್ತಾರೆ.

ಇದಕ್ಕೆ ಎದುರುವಾದವಿದೆ. ಬಲವಾದ ವಾದವಾದ್ದರಿಂದ ಅದನ್ನು ಗೌರವದಿಂದ ಕೇಳಬೇಕು. ವಿಡಿಯೋ ಆಟ ಆಡಿದವರೆಲ್ಲ ಬೀದಿಗೆ ಬಂದು ಕೊಲೆ ಮಾಡುವುದಿಲ್ಲ. ಆಟದಿಂದಲೇ ಅಪರಾಧ ಹುಟ್ಟುತ್ತದೆಂದು ಸಂಶೋಧನೆಗಳು ಸಿದ್ಧಪಡಿಸಿಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ 2011ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾನೂನನ್ನು ರದ್ದುಮಾಡುವಾಗ ಹೇಳಿತು. ಮೇಲಾಗಿ, ಪಂಪಭಾರತದಲ್ಲಿ ಹದಿನೆಂಟು ದಿನದ ಯುದ್ಧವಿದೆಯಲ್ಲ. ಅದನ್ನು ಓದಿ ಆನಂದಿಸುವವನಿಗೆ ಯಾವ ದೋಷ? ಆಟಗಾರನೂ ಕಥೆ ಓದುವವನಂತೆ ಅಲ್ಲವೆ?

ಮೊದಲ ಮಾತನ್ನು ಒಪ್ಪೋಣ. ನಮ್ಮ ಆಕ್ಷೇಪಕ್ಕೆ ಕೊಲೆಗಾರರ ಲೆಕ್ಕ ಬೇಕಾಗಿಯೇ ಇಲ್ಲ. ಪೊಲೀಸರು ಎಣಿಸುವುದು ಹೊರಗಿನ ಹೆಣಗಳನ್ನು; ಶ್ರಾವಕ ಎಣಿಸಬೇಕಾದುದು ಒಳಗಿನ ಕಷಾಯಗಳನ್ನು. ಎರಡನೆಯ ಮಾತು ಮಾತ್ರ ಸಲ್ಲದು. ಪಂಪನನ್ನು ಓದುವವನು ಕರ್ಣನಿಗಾಗಿ ಮರುಗುತ್ತಾನೆ. ಬಾಣ ಬಿಡುವವನು ಅವನಲ್ಲ. ಆಟದಲ್ಲಿ ಕರ್ಣನೂ ಇಲ್ಲ, ಮರುಕವೂ ಇಲ್ಲ; ಹೆಬ್ಬೆರಳು ತಾನೇ ಗುರಿಯಿಟ್ಟು, ತಾನೇ ಒತ್ತಿ, ಬಿದ್ದುದನ್ನು ಕಂಡು ತಾನೇ ಹಿಗ್ಗುತ್ತದೆ. ಹಿಂಸೆಯಲ್ಲಿ ಆನಂದ ಪಡುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಹಿಂಸಾನಂದವೆಂಬ ರೌದ್ರಧ್ಯಾನದ ಹೆಸರೇ ಇದೆ.

ಹಿರಿಯರು ಟಿ.ವಿ.ಗೆ ಜೋಡಿಸುವ ಪ್ಲೇಸ್ಟೇಷನ್ 5 ಎಂಬ ಯಂತ್ರವನ್ನೂ ಹಿಡಿದು ನೋಡಿದರು. ಅದರ ಕೈಹಿಡಿಯಲ್ಲಿ ಬಂದೂಕಿನ ಕುದುರೆಯಂತೆ ಬೆರಳಿಗೆ ಎದುರೊತ್ತುವ ಗುಂಡಿಯುಂಟು. ಕೆಲವು ಆಟಗಳಲ್ಲಿ ಗುಂಡು ಹಾರಿದಾಗ ಅಂಗೈ ಅದುರುತ್ತದೆ. ಇದು ಓದುವ ಕ್ರಿಯೆಯಲ್ಲ, ಅಭ್ಯಾಸದ ಕ್ರಿಯೆ. ಈ ಬಗೆಯ ಯಂತ್ರಗಳಿಗೆ 2009ರಲ್ಲಿ ಬಂದ ಕಾಲ್ ಆಫ್ ಡ್ಯೂಟಿ ಸರಣಿಯ ಒಂದು ಪ್ರಸಿದ್ಧ ಆಟದಲ್ಲಿ ವಿಮಾನನಿಲ್ದಾಣದ ನಿರಾಯುಧ ಪ್ರಯಾಣಿಕರನ್ನು ಕೊಲ್ಲುವ ಭಾಗವೊಂದಿದೆ. ಬೇಡವಾದವರು ಅದನ್ನು ಬಿಟ್ಟು ಮುಂದೆ ಹೋಗಬಹುದೆಂದು ತಯಾರಕರೇ ಮುಂಚಿತವಾಗಿ ಕೇಳುತ್ತಾರೆ. ಎಲ್ಲವೂ ಬರಿಯ ಬೊಂಬೆಗಳಾದರೆ ಈ ಅನುಮತಿ ಕೇಳುವ ಅಗತ್ಯವೇನಿತ್ತು?

ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆ ನಾಲ್ಕು ಬಗೆ. ಗೃಹಸ್ಥನಿಗೆ ಒಲೆ ಹೊತ್ತಿಸದೆ ವಿಧಿಯಿಲ್ಲ, ವ್ಯಾಪಾರ ಬೇಸಾಯಗಳಿಲ್ಲದೆ ನಡೆಯದು, ಊರಿನ ಮೇಲೆ ಬಿದ್ದವನನ್ನು ತಡೆಯದಿರಲಾಗದು. ಆದ್ದರಿಂದ ಕೊನೆಯ ಮೂರರಲ್ಲಿ ಅವನಿಗೆ ಎಚ್ಚರಿಕೆಯೊಡನೆ ರಿಯಾಯಿತಿಯುಂಟು. ಸಂಕಲ್ಪೀ ಹಿಂಸೆಗೆ ಮಾತ್ರ ಇಲ್ಲ. ಆಟದ ಬಂದೂಕು ಯಾರ ಹೊಟ್ಟೆಯನ್ನೂ ತುಂಬಿಸದು, ಯಾವ ಊರನ್ನೂ ಕಾಯದು. ಅಲ್ಲಿ ಉಳಿಯುವುದು ಬರಿಯ ಸಂಕಲ್ಪ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡವೆಂದು ಹೇಳಿರುವ ಪ್ರಯೋಜನವಿಲ್ಲದ ಪಾಪಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಅವರ ಕಾಲದಲ್ಲಿಯೂ ಸಿಕ್ಕಿರಲಾರದು.

ಆಟದ ಹಿಂಸೆ ಪರದೇಶದಿಂದ ಬಂದ ರೋಗ, ನಮ್ಮ ನೆಲ ಇದನ್ನರಿಯದು ಎಂಬ ಸಮಾಧಾನವೂ ಬೇಡ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಕೈಗೆ ಸಿಕ್ಕ ವಸ್ತುಗಳಲ್ಲಿ ಒಂದು ಮರದ ಹುಲಿಯೂ ಇದ್ದಿತು. ಹುಲಿ ಯುರೋಪಿಯನ್ನನೊಬ್ಬನನ್ನು ಕೆಡವಿ ಮೇಲೆ ನಿಂತಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಬಿದ್ದವನ ಕೈ ಮೇಲಕ್ಕೆದ್ದು ಇಳಿಯುತ್ತದೆ. ಒಳಗಿನ ತಿದಿಗಳಿಂದ ಅವನ ನರಳಾಟವೂ ಹುಲಿಯ ಗರ್ಜನೆಯೂ ಹೊರಡುತ್ತವೆ. ಟಿಪ್ಪುವಿನ ಹುಲಿ ಎಂದು ಹೆಸರಾದ ಇದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಗೊಂಬೆ ಸಾಯುವುದನ್ನು ಕೈಯಾರೆ ನಡೆಸಿ ನೋಡುವ ಸುಖಕ್ಕೆ ವಿದ್ಯುತ್ತೂ ಬೇಕಿಲ್ಲ, ಪರದೆಯೂ ಬೇಕಿಲ್ಲವೆಂಬುದಕ್ಕೆ ಈ ಸೀಮೆಯದೇ ಸಾಕ್ಷಿ! ಸ್ವಾರಸ್ಯವೆಂದರೆ, 1808ರಿಂದ ಅದನ್ನು ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಮೇಲಿಂದ ಮೇಲೆ ಹಿಡಿ ತಿರುಗಿಸಿ, ಪಕ್ಕದ ಗ್ರಂಥಾಲಯದಲ್ಲಿ ಓದುವವರಿಗೆ ತೊಂದರೆಯಾಯಿತೆಂಬ ದೂರುಗಳು ಬಂದವು. ಸಾಯುತ್ತಿರುವ ಬೊಂಬೆ ತಮ್ಮವನದೇ ಆದರೂ ಅವರಿಗೆ ಹಿಡಿ ತಿರುಗಿಸುವ ಆಸೆ ತೀರಲಿಲ್ಲ. ಹೊಸದಾಗಿ ಬಂದಿರುವುದು ಆಸೆಯಲ್ಲ. ಆ ಹಿಡಿ ಈಗ ಪ್ರತಿಯೊಂದು ಜೇಬಿನಲ್ಲಿಯೂ ಇದೆ, ಅಷ್ಟೆ.

ಇಲ್ಲಿಯವರೆಗಿನ ಮಾತಿಗೆ ಹಿರಿಯರೆಲ್ಲ ತಲೆದೂಗಿಯಾರು. ಮುಂದಿನ ಮಾತು ಅವರಿಗೆ ರುಚಿಸಲಿಕ್ಕಿಲ್ಲ.

ಎರಡನೆಯ ವಾರ ನಮ್ಮ ದಿನಸಿ ವ್ಯಾಪಾರಿಗಳು ಬಂದೂಕನ್ನು ಬಿಟ್ಟು ಮಿಠಾಯಿ ಹಿಡಿದರು. 2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಎಂಬ ಆಟದಲ್ಲಿ ರಕ್ತವಿಲ್ಲ, ಶತ್ರುವಿಲ್ಲ. ಬಣ್ಣದ ಮಿಠಾಯಿಗಳನ್ನು ಮೂರು ಮೂರಾಗಿ ಜೋಡಿಸುವುದಷ್ಟೆ. ಇದು ನಿರಪಾಯವೆಂದು ಅವರೂ ತಿಳಿದಿದ್ದರು. ಬಂದೂಕಿನ ಆಟವನ್ನು ಅರ್ಧ ಗಂಟೆಗೆ ಮುಗಿಸಿ ಏಳುತ್ತಿದ್ದವರು ಇದರ ಮುಂದೆ ಎರಡು ಗಂಟೆ ಕುಳಿತರು. ಗಿರಾಕಿ ಗಲ್ಲಾದ ಮುಂದೆ ನಿಂತು ಎರಡು ಸಲ ಕರೆದನಂತೆ. ಆಟದಲ್ಲಿ ಐದು ಜೀವಗಳು; ಸೋತಾಗ ಒಂದು ಹೋಗುತ್ತದೆ; ಹೋದ ಜೀವ ಮರಳಲು ಅರ್ಧ ಗಂಟೆ ಕಾಯಬೇಕು; ಕಾಯಲಾರದವನು ದುಡ್ಡು ಕೊಟ್ಟು ಜೀವ ಕೊಳ್ಳಬಹುದು. ಜೀವವನ್ನು ಅಂಗಡಿಯಲ್ಲಿ ಮಾರುವುದನ್ನು ಕಂಡು ಅವರು ಬೆಚ್ಚಿದರು. ಅದಕ್ಕಿಂತ ಹೆಚ್ಚು ಬೆಚ್ಚಿದ್ದು ಕೊಳ್ಳಲು ತಮ್ಮ ಬೆರಳು ಮುಂದಾದುದನ್ನು ಕಂಡು. ಅಂದು ಸಂಜೆ ಸಾಮಾಯಿಕಕ್ಕೆ ಕುಳಿತಾಗ 48 ನಿಮಿಷವೂ ಕಣ್ಣಮುಂದೆ ಕೆಂಪು ಹಳದಿ ಮಿಠಾಯಿಗಳೇ ಉದುರಿದವು. ಮಗುವಿನ ಆಟದಲ್ಲಿ ಕ್ರೋಧವಿದ್ದರೆ ಮುದುಕರ ಆಟದಲ್ಲಿ ಪ್ರಮಾದ. ಯಾವುದು ಹೆಚ್ಚು ಯಾವುದು ಕಡಮೆಯೆಂದು ತೂಗುವ ತಕ್ಕಡಿ ಅವರಿಗೆ ಸಿಗಲಿಲ್ಲ.

ಇನ್ನು ಹಣದ ಮಾತು. ವ್ಯಾಪಾರಿಯ ಕಣ್ಣಿಗೆ ಮೊದಲು ಬಿದ್ದದ್ದು ಉಚಿತ ಎಂಬ ಪದ. ಉಚಿತವಾಗಿ ಹಂಚುವ ಸರಕಿನಿಂದ ಕಂಪನಿ ಹೇಗೆ ಬದುಕುತ್ತದೆ? ಉಡುಪು, ಬಂದೂಕಿನ ಬಣ್ಣ, ಏನು ಸಿಗುವುದೋ ತಿಳಿಯದೆ ಒಡೆಯಬೇಕಾದ ಪೆಟ್ಟಿಗೆ, ಇವುಗಳ ಮಾರಾಟದಿಂದ. ಅದೂ ರೂಪಾಯಿಯ ಲೆಕ್ಕದಲ್ಲಲ್ಲ. ಮೊದಲು ರೂಪಾಯಿ ಕೊಟ್ಟು ಆಟದ ನಾಣ್ಯವನ್ನು ಕೊಳ್ಳಬೇಕು, ನಾಣ್ಯದಿಂದ ಸರಕು. ಬೆಲೆಯನ್ನು ಗಿರಾಕಿಯ ಕಣ್ಣಿನಿಂದ ಮರೆಸಲು ಇದಕ್ಕಿಂತ ಉತ್ತಮ ಉಪಾಯವನ್ನು ಯಾವ ಮಾರವಾಡಿಯೂ ಯಾವ ಶೆಟ್ಟಿಯೂ ಕಂಡುಹಿಡಿಯಲಿಲ್ಲ. ಬಿ.ಜಿ.ಎಂ.ಐ. ಬಿಡುಗಡೆಯಾದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆ ಆಟ, ದಿನಕ್ಕೆ 7,000 ರೂಪಾಯಿ ಖರ್ಚು ಎಂಬ ಮಿತಿಗಳನ್ನು ಕಂಪನಿ ಪ್ರಕಟಿಸಿತು. ಮಕ್ಕಳ ರಕ್ಷಣೆಯ ಕ್ರಮವೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ತಿಂಗಳಿಗೆ ಗುಣಿಸಿದರೆ 2,10,000 ರೂಪಾಯಿ! ಅಷ್ಟು ಗುಮಾಸ್ತನೊಬ್ಬನ ವರ್ಷದ ಸಂಬಳ. ತೆರೆಯುವವರೆಗೆ ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲೇ ಜೂಜೆಂದು ಪರಿಗಣಿಸಿತು. ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನ ಕೊಟ್ಟ ನಮಗೆ ಅದನ್ನು ಬೆಲ್ಜಿಯಂ ಹೇಳಿಕೊಡಬೇಕಾಗಿ ಬಂದುದು ನಾಚಿಕೆಗೇಡು.

ದ್ಯೂತದ ವಿಷಯದಲ್ಲಿ ಮಕ್ಕಳಿಗಿಂತ ಹಿರಿಯರ ಪುಸ್ತಕವೇ ಕಪ್ಪಾಗಿದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡವರ ಹೆಸರನ್ನು ಹೊತ್ತ ಪಾಂಡವಪುರದಲ್ಲಿ, ಅವರು ವನವಾಸದಲ್ಲಿ ತಂಗಿದ್ದರೆಂದು ಜನ ನಂಬುವ ಕುಂತಿಬೆಟ್ಟದ ನೆರಳಿನಲ್ಲಿ, ಆನ್‌ಲೈನ್ ರಮ್ಮಿ ಆಡಿದವರು ಯಾರು? ಶಾಲೆಯ ಹುಡುಗರಲ್ಲ. ಸಂಜೆ ಗಲ್ಲಾ ಎಣಿಸಿದ ಮೇಲೆ ಮೊಬೈಲು ಹಿಡಿದ ವರ್ತಕರು. ಕ್ರಿಕೆಟ್ ಪಂದ್ಯಕ್ಕೆ ಮುಂಚೆ ಹಣ ಕಟ್ಟಿ ತಂಡ ರಚಿಸಿದ ಯಜಮಾನರು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇದನ್ನು ತಡೆಯಲು ಯತ್ನಿಸಿತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿ 14ರಂದು ರಾಜ್ಯದ ಉಚ್ಚ ನ್ಯಾಯಾಲಯ ಅಸಿಂಧುಗೊಳಿಸಿತು. ಕೊನೆಗೆ ಸಂಸತ್ತು ಅಂಗೀಕರಿಸಿದ, ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ತಕರಾರಿಗೆ ಅದರಲ್ಲಿ ಎಡೆಯಿಲ್ಲ. ಆ ತಕರಾರನ್ನು ಹಿಡಿದೇ ನಮ್ಮವರಲ್ಲಿ ಹಲವರು ವ್ರತಭಂಗವಾಗಲಿಲ್ಲವೆಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದರು. ಕಾಯಿದೆ ಬಂದ ಮೇಲೆ ಬಿಟ್ಟವರು ಕಾಯಿದೆಗೆ ಹೆದರಿ ಬಿಟ್ಟರೇ ಹೊರತು ಅಣುವ್ರತಕ್ಕೆ ಹೆದರಿ ಅಲ್ಲ.

ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರ ಜನವರಿಯಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ಇಂತಹವರಿಗಾಗಿ ಒಂದು ಚಿಕಿತ್ಸಾಲಯ ನಡೆಸುತ್ತಿದೆ. ಹದ್ದು ಮೀರಿದ ಮಗುವನ್ನು ಪಾಠಶಾಲೆಯಿಂದ ಹೊರಗಟ್ಟುವವರು ಅದನ್ನು ಯಾವ ಬಾಗಿಲಿಗೆ ಕಳುಹಿಸುತ್ತಾರೆಂದು ಒಮ್ಮೆ ಯೋಚಿಸಲಿ.

ಹಾಗಾದರೆ ಆಟವೇ ಬೇಡವೆ? ಜೈನಧರ್ಮ ಆಟದ ಶತ್ರುವಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಬಸ್ತಿ ಹೊಸಕೋಟೆಯಲ್ಲಿ ನಿಂತ ಬಾಹುಬಲಿಯ ಮುಂದೆ ಕೈಮುಗಿಯುವಾಗ ಅವನು ನಿಂತದ್ದೇತಕ್ಕೆಂದು ನೆನೆಯಬೇಕು. ಎರಡು ಸೈನ್ಯಗಳು ಎದುರುಬದುರಾಗಿ ನಿಂತಾಗ ಸೈನಿಕರ ರಕ್ತ ಹರಿಯಬಾರದೆಂದು ಭರತ ಬಾಹುಬಲಿಗಳಿಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಯುದ್ಧವನ್ನು ಆಟವಾಗಿಸಿದ್ದು ನಮ್ಮ ಪುರಾಣ. ಆಟವನ್ನು ಯುದ್ಧವಾಗಿಸಿದ್ದು ಈ ಕಾಲ. ಪಶ್ಚಿಮ ಭಾರತದ ಜೈನರು ಬಟ್ಟೆಯ ಮೇಲೆ 84 ಮನೆಗಳ ಜ್ಞಾನಬಾಜಿಯನ್ನು ಬರೆದು ಆಡುತ್ತಿದ್ದರು. ಪಾಪದ ಹಾವು ಇಳಿಸುವುದು, ಪುಣ್ಯದ ಏಣಿ ಏರಿಸುವುದು, ಮೇಲ್ಗಡೆ ಸಿದ್ಧಶಿಲೆ. ನಮ್ಮ ಕಡೆಯ ಪರಮಪದ ಸೋಪಾನ ಅದರ ಬಳಗದ್ದೇ.

ಈ ಕಾಲದ ಯಂತ್ರಗಳಲ್ಲಿಯೂ ಅಂತಹವು ಇಲ್ಲದಿಲ್ಲ. ಟೆಟ್ರಿಸ್ ಎಂಬ ಇಟ್ಟಿಗೆ ಜೋಡಿಸುವ ಆಟ 1984ರಲ್ಲಿ ಮಾಸ್ಕೋದಲ್ಲಿ ಹುಟ್ಟಿತು. ಅದರಲ್ಲಿ ಹೊತ್ತು ಹೋಗುವುದಲ್ಲದೆ ಜೀವ ಹೋಗದು. ಮೈನ್‌ಕ್ರಾಫ್ಟ್‌ನಲ್ಲಿ ಶಾಂತಿಯ ಸ್ಥಿತಿಯನ್ನು ಆರಿಸಿಕೊಂಡರೆ ಮೇಲೆ ಬೀಳುವ ಶತ್ರುಗಳೇ ಇಲ್ಲ, ಹಸಿವೂ ಇಲ್ಲ. ಮನೆ ಕಟ್ಟಿ ಹೊಲ ಬಿತ್ತಬಹುದು. ಅಲ್ಲಿ ಆಲೂಗಡ್ಡೆ ಗಜ್ಜರಿಗಳೂ ಬೆಳೆಯುತ್ತವೆ. ಕಂದಮೂಲ ಬೇಡವೆನ್ನುವವರು ಗೋಧಿ ಬಿತ್ತಲಿ. ಹಿರಿಯರನ್ನು ಬಹಳ ಹಿಡಿದು ನಿಲ್ಲಿಸಿದ್ದು 2015ರ ಅಂಡರ್‌ಟೇಲ್ ಎಂಬ ಆಟ. ಎದುರಾದ ಪ್ರತಿಯೊಂದು ಜೀವಿಯನ್ನೂ ಕೊಲ್ಲಬಹುದು, ಕ್ಷಮಿಸಿ ಬಿಡಲೂಬಹುದು. ಒಬ್ಬರನ್ನೂ ಕೊಲ್ಲದೆ ಕೊನೆ ಮುಟ್ಟಬಹುದು. ಎಲ್ಲರನ್ನೂ ಕೊಂದು ಮುಗಿಸಿದವನು ಅದನ್ನು ಮತ್ತೆ ಮೊದಲಿನಿಂದ ಆಡಿದರೂ ಆಟ ಆ ಹತ್ಯೆಗಳನ್ನು ಮರೆಯದು. ಮುಂದಿನ ಸಲದ ಸುಖಾಂತದಲ್ಲಿಯೂ ಅದರ ಕಲೆ ಉಳಿಯುತ್ತದೆ. ಕರ್ಮಬಂಧದ ಈ ಪಾಠವನ್ನು ಬರೆದವನು ಜೈನನಲ್ಲ, ಒಬ್ಬ ಅಮೆರಿಕನ್ ಯುವಕ. ನಮ್ಮ ಮಠಮಂದಿರಗಳ ಹಣದಿಂದ ಇಂತಹದೊಂದು ಆಟ ಕನ್ನಡದಲ್ಲಿ ಬಂದಿದೆಯೆ? ಅಮೃತಶಿಲೆಯ ನೆಲಹಾಸಿಗೆ ಚಂದಾ ಎತ್ತುವುದರಲ್ಲಿ ನಮಗೆ ಬಿಡುವಿಲ್ಲ.

ಆದಕಾರಣ ಆಟವನ್ನು ಹೆಸರಿನಿಂದ ನಿಷೇಧಿಸುವುದು ಸುಲಭ, ನಿಷ್ಫಲ. ಕೇಳಬೇಕಾದುದು ಮೂರು ಮಾತು: ಆಡಿದ ಮೇಲೆ ಯಾವ ಕಷಾಯ ಉಳಿಯಿತು? ಎಷ್ಟು ಹೊತ್ತು ಹೋಯಿತು? ಯಾರಿಗೆ ಹಣ ಹೋಯಿತು? ಈ ಮಾತುಗಳನ್ನು ಮಗುವಿಗೆ ಕೇಳುವ ಅಧಿಕಾರ ತನ್ನ ಮೊಬೈಲನ್ನು ಮೊದಲು ಮೇಜಿನ ಮೇಲಿಟ್ಟವರಿಗೆ ಮಾತ್ರ ಉಂಟು. ಬಿ.ಜಿ.ಎಂ.ಐ.ಯಲ್ಲಿ ಕಂಚು, ಬೆಳ್ಳಿ, ಚಿನ್ನ ಎಂದು ಮೇಲಕ್ಕೆ ಹೋಗುವ ಪದವಿಗಳಿವೆ. ಮೊಮ್ಮಗ ತನ್ನ ಪದವಿಯನ್ನು ಎಲ್ಲರಿಗೂ ತೋರಿಸುತ್ತಿದ್ದ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯ ಮುಂದಿನ ಆ ದೊಡ್ಡ ಕಂಬದ ಬಳಿಗೆ ತಾತ ಅವನನ್ನು ಕರೆದೊಯ್ದು, ಬಸದಿಗೆ ಹೋಗುವವನು ಮಾನವನ್ನು ಹೊರಗಿನ ಕಂಬದ ಬಳಿಯೇ ಬಿಟ್ಟು ಹೋಗಬೇಕೆಂದು ಹೇಳಿದರಂತೆ. ಹುಡುಗ ತುಸು ಹೊತ್ತು ನೋಡಿ, "ನೀವು ಅಧ್ಯಕ್ಷರ ಕುರ್ಚಿ ವಿಷಯಕ್ಕೆ ಜಗಳ ಮಾಡಿದ್ರಲ್ಲ ತಾತ, ಆಗ ಇಲ್ಲಿಗೆ ಬಂದಿದ್ರಾ?" ಎಂದು ಕೇಳಿದ. ಅದಕ್ಕೆ ಉತ್ತರ ಬಂದಂತಿಲ್ಲ.

ಮಳಿಗೆಯ ವಿಷಯ ಉಳಿಯಿತು. ಅರ್ಜಿದಾರ ಅನ್ಯ ಸಮಾಜದ ತರುಣ. ಬ್ಯಾಂಕಿನ ಸಾಲ ಪಡೆದು ಪ್ರಾಮಾಣಿಕವಾಗಿ ಬದುಕಲು ಹೊರಟವನು. ಅವನ ಮೇಲೆ ದೋಷ ಹೊರಿಸಲಾಗದು. ದೋಷ ಬರುವುದಾದರೆ ಬಾಡಿಗೆ ಪಡೆಯುವವರಿಗೆ. ಹೆಂಡದ ಅಂಗಡಿಗೂ ಕೋಳಿ ಅಂಗಡಿಗೂ ಬಸದಿಯ ಮಳಿಗೆ ಕೊಡುವುದಿಲ್ಲ. ಆ ಕುರಿತು ಚರ್ಚೆಯೇ ನಡೆಯುವುದಿಲ್ಲ. ಹಿಟ್ಟಿನ ಕೋಳಿಯ ಅಂಗಡಿಗೆ ಕೊಡಬಹುದೆ? ಆಯುಧಗಳನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ಸಮಂತಭದ್ರರು ಹಿಂಸಾದಾನವೆಂದು ಅನರ್ಥದಂಡದಲ್ಲೇ ಸೇರಿಸಿದ್ದಾರೆ. ಅದರ ಬಾಡಿಗೆಯಿಂದ ಅಭಿಷೇಕದ ಹಾಲು ಕೊಳ್ಳುವುದು ಯಾವ ಶಾಸ್ತ್ರದಿಂದಲೂ ಸಮರ್ಥನೆಯಾಗದು. ಕಾರು ಓಟ, ಕ್ರಿಕೆಟ್, ಕಾಲ್ಚೆಂಡು ಇಷ್ಟನ್ನೇ ಇಟ್ಟು ನಡೆಸಬಹುದೆ ಎಂದು ಸಮಿತಿ ಅವನನ್ನು ಕರೆದು ಕೇಳಿತು. ಅವನು ಸುಳ್ಳು ಹೇಳಲಿಲ್ಲ. "ಗನ್ ಗೇಮ್ ಇಲ್ಲದಿದ್ರೆ ಹುಡುಗ್ರು ಬರಲ್ಲ ಯಜಮಾನ್ರೇ. ಬ್ಯಾಂಕಿನ ಕಂತು ಕಟ್ಟೋಕಾಗಲ್ಲ," ಎಂದ. ಅರ್ಜಿ ತಿರಸ್ಕೃತವಾಯಿತು.

ಮಕ್ಕಳನ್ನು ಹೊರಗಿಡುವ ಠರಾವನ್ನೂ ಹಿರಿಯರು ತಿದ್ದಿ ಬರೆದರು. ಯಾರನ್ನೂ ಹೊರಗಿಡತಕ್ಕದ್ದಲ್ಲ, ಪಾಠಶಾಲೆಯಲ್ಲಿ ಯಶೋಧರ ಚರಿತೆಯ ಕಥೆಯನ್ನು ಹೇಳತಕ್ಕದ್ದು, ದಶಲಕ್ಷಣದ ಹತ್ತು ದಿನ ಮಕ್ಕಳು ಮೊಬೈಲು ಆಟ ಬಿಡುವುದಾದರೆ ಸಮಿತಿಯ ಸದಸ್ಯರೂ ಬಿಡತಕ್ಕದ್ದು, ಹಣ ಕಟ್ಟಿ ಆಡುವ ಯಾವ ಆಟದಲ್ಲಿಯೂ ಇಲ್ಲವೆಂದು ಪ್ರತಿಯೊಬ್ಬ ಸದಸ್ಯನೂ ಬರೆದುಕೊಡತಕ್ಕದ್ದು. ಮೊದಲ ಮೂರು ಅಂಶಗಳಿಗೆ ಎಲ್ಲರೂ ಸಹಿ ಹಾಕಿದ್ದಾರೆ. ನಾಲ್ಕನೆಯದಕ್ಕೆ ಇಬ್ಬರ ಸಹಿ ಇನ್ನೂ ಬಾಕಿಯಿದೆ. ಮಳಿಗೆಗೆ ಬೀಗ ಹಾಕಿದೆ. ಬಾರದ ಬಾಡಿಗೆಯನ್ನು ತಿಂಗಳು ತಿಂಗಳೂ ನಷ್ಟದ ಬಾಬಿನಲ್ಲಿ ಬರೆಯಲಾಗುತ್ತಿದೆ.